ಆರು ಇಂಚು ಸಣ್ಣಗಾದ ಟೈಲರ್ ಮಾಸ್ಟರು

ಕೀಲುನೋವು ಯಾರ ಮನೆಯಲ್ಲಿಲ್ಲ ಹೇಳಿ? ಒಬ್ಬರಿಗೆ ಮಂಡಿ, ಇನ್ನೊಬ್ಬರಿಗೆ ಸೊಂಟ, ಮತ್ತೊಬ್ಬರಿಗೆ ಹೆಗಲು. ನನಗೆ ನೋವು ಎಂದು ನಾವು ಬಾಯಿ ತೆರೆದರೆ ಸಾಕು, ಎದುರಿಗಿದ್ದವರು ತಮ್ಮ ನೋವಿನ ಕಥೆ ಶುರು ಮಾಡುತ್ತಾರೆಯೇ ಹೊರತು ನಮ್ಮದನ್ನು ಕೇಳುವುದಿಲ್ಲ. ಅದಕ್ಕೇ ಟೈಲರ್ ಮಾಸ್ಟರು ಮೊದಲ ಸಲ ಮೊಣಕೈ ನೋವು ಎಂದಾಗ ಬೀದಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅವರ ಹೆಂಡತಿಯೂ ಅಷ್ಟೇ. ದಿನಕ್ಕೆ ಹತ್ತು ಗಂಟೆ ಮಿಷನ್ ತುಳಿಯುವವರಿಗೆ ಕೈಕಾಲು ನೋಯದೆ ಇನ್ನೇನಾಗುತ್ತದೆ ಎಂದು ಬಿಸಿನೀರಿನ ಚೀಲ ಕೊಟ್ಟು ಸುಮ್ಮನಾದಳು.

ಆ ಹೆಂಡತಿಯನ್ನು ಬೀದಿಯವರು ಕರೆಯುತ್ತಿದ್ದುದು ಗುಂಡಿಯಕ್ಕ ಎಂದು. ಮಾಸ್ಟರು ಕತ್ತರಿಸಿ ಹೊಲಿದರೆ ಗುಂಡಿ ಹಾಕುವುದು, ಕಾಜ ಮಾಡುವುದು, ಹಳೆ ಬಟ್ಟೆ ಬಿಚ್ಚಿ ಸರಿಮಾಡುವುದು ಅವಳ ಪಾಲು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲ ಬೆಳಕಿಗೆ ಎರಡು ಮಿಷನ್, ನಡುವೆ ಕತ್ತರಿಸುವ ಮೇಜು, ಗೋಡೆಗೆ ಹೊಲಿದ ಬಟ್ಟೆಗಳ ಸಾಲು. ಎದುರಿಗೇ ಇಸ್ತ್ರಿ ಅಂಗಡಿ. ಇಸ್ತ್ರಿಯವನು ಮಾಸ್ಟರ ಸ್ನೇಹಿತ. ಕೆಲಸ ಕಡಿಮೆ ಇದ್ದಾಗ ಮಾತು ಜಾಸ್ತಿ, ಕೆಲಸ ಜಾಸ್ತಿ ಇದ್ದಾಗಲೂ ಮಾತು ಕಡಿಮೆಯಾಗದ ಮನುಷ್ಯ.

ಮಾಸ್ಟರಿಗೆ ಒಂದು ಹಟವಿತ್ತು. ಅಳತೆ ತಪ್ಪಿದ ಬಟ್ಟೆ ತನ್ನ ಮೈಮೇಲೆ ಇರಬಾರದು. ಹೊಲಿಯುವವನೇ ದೊಗಳೆ ಪ್ಯಾಂಟು ಹಾಕಿಕೊಂಡು ಕೂತರೆ ಗಿರಾಕಿ ಒಳಗೆ ಬರದೆ ಹಾಗೇ ಮುಂದೆ ಹೋಗುತ್ತಾನೆ ಎನ್ನುತ್ತಿದ್ದರು. ಮಾತು ಸುಳ್ಳೇನಲ್ಲ. ಆದರೆ ಮನೆ ಹಾಳಾಗುತ್ತಿದ್ದುದು ಆ ಹಟದಿಂದಲೇ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಮೊಣಕೈ ನೋವು ತಿಂಗಳೊಪ್ಪತ್ತಿನಲ್ಲಿ ಹೋಯಿತು. ಆಮೇಲೆ ಮಂಡಿಗೆ ಬಂತು, ಅಲ್ಲಿಂದ ಮಣಿಕಟ್ಟಿಗೆ. ಬರುವುದು, ನಾಲ್ಕು ದಿನ ಇರುವುದು, ಹೇಳದೆ ಕೇಳದೆ ಹೋಗುವುದು. ಹೀಗೇ ಮೂರು ವರ್ಷ ಕಳೆಯಿತು. ನಾಲ್ಕನೆಯ ವರ್ಷ ಹೊಟ್ಟೆಯೂ ಕೆಟ್ಟಿತು. ದಿನಕ್ಕೆ ನಾಲ್ಕು ಸಲ, ಐದು ಸಲ ಕಕ್ಕಸಿಗೆ ಓಡುತ್ತಿದ್ದರು. ಭೇದಿ ಜಿಡ್ಡುಜಿಡ್ಡಾಗಿ, ಎಷ್ಟು ನೀರು ಸುರಿದರೂ ಹೋಗುತ್ತಿರಲಿಲ್ಲ. ಮಾಸ್ಟರು ಹೊರಗಿನ ಟೀಯನ್ನು ಬೈದರು, ಟೀ ಬಿಟ್ಟರು. ಹಾಲನ್ನು ಬೈದರು, ಹಾಲು ಬಿಟ್ಟರು. ಬಿಡಲು ಏನೂ ಉಳಿಯದಿದ್ದಾಗ ಆ ವಿಷಯ ಮಾತಾಡುವುದನ್ನೇ ಬಿಟ್ಟರು.

ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ ಎಂದಾಗಲೆಲ್ಲ ಗುಂಡಿಯಕ್ಕ ಬಿಚ್ಚಿ ಟೈಟ್ ಮಾಡಿಕೊಟ್ಟಳು. ಅಂಗಿಯ ಪಕ್ಕದ ಹೊಲಿಗೆಯನ್ನೂ ಒಳಗೆ ಹಿಡಿದಳು. ಹೊಲಿಗೆ ಹಿಡಿದದ್ದು ಹೊರಗೆ ಗೊತ್ತೇ ಆಗದಷ್ಟು ನಾಜೂಕು ಅವಳ ಕೈ. ಆ ನಾಜೂಕಿನ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ನೆಂಟರ ಮನೆಗೆ ಹೋದಾಗ ಅಲ್ಲಿಯವರು, ಮಾಸ್ಟರು ವಯಸ್ಸು ಕಮ್ಮಿ ಆದ ಹಾಗೆ ಕಾಣುತ್ತಾರೆ ಎಂದು ಹೊಗಳಿದರು. ಬಟ್ಟೆ ಮೈಗೆ ಸರಿಯಾಗಿದ್ದರೆ ಮೈ ಕರಗಿದ್ದು ಯಾರ ಕಣ್ಣಿಗೆ ಬೀಳುತ್ತದೆ?

ಅದು ಬಿದ್ದದ್ದು ಸಿಸ್ಟರ ಕಣ್ಣಿಗೆ. ಬೀದಿಯ ತುದಿಯ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವ ನರ್ಸ್ ಆಕೆ. ಒಂದು ಮಧ್ಯಾಹ್ನ ಯೂನಿಫಾರ್ಮ್ ಹಿಡಿದುಕೊಂಡು ಬಂದರು. ಕೂತು ಕೂತು ಮೈ ಬಂದಿದೆ, ಎರಡು ಇಂಚು ಲೂಸ್ ಮಾಡಿಕೊಡಿ, ಯಾರಿಗೂ ಹೇಳಬೇಡಿ ಎಂದು ನಗುತ್ತಾ ಸ್ಟೂಲಿನ ಮೇಲೆ ಕುಳಿತರು. ಮಾಸ್ಟರು ಒಳಗೆ ಮಲಗಿದ್ದರು. ಮೇಜಿನ ಮೇಲೆ ಅವರ ಪ್ಯಾಂಟು ಒಳಮೈ ಹೊರಗೆ ಮಾಡಿ ಬಿದ್ದಿತ್ತು. ಸೊಂಟದ ಹತ್ತಿರ ಬಿಚ್ಚಿದ ಹೊಲಿಗೆಯ ಸೂಜಿತೂತುಗಳು ಒಂದರ ಪಕ್ಕ ಒಂದು, ನಾಲ್ಕು ಸಾಲು. ಐದನೆಯದಕ್ಕೆ ಸೀಮೆಸುಣ್ಣದ ಗೆರೆ ಎಳೆದಿತ್ತು.

ಸಿಸ್ಟರು ಅದನ್ನು ಕೈಗೆತ್ತಿಕೊಂಡು, ಇದು ಯಾರದು ಎಂದು ಕೇಳಿದರು. ನಮ್ಮವರದೇ ಎಂದಳು ಗುಂಡಿಯಕ್ಕ. ನಾಲ್ಕು ಸಲ ಟೈಟ್ ಮಾಡಿದ್ದು ಎಷ್ಟು ದಿನದಲ್ಲಿ ಎಂದು ಮತ್ತೆ ಪ್ರಶ್ನೆ. ಗುಂಡಿಯಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದಳು. ಮೊದಲ ಸಲ ಹೋದ ವರ್ಷ ಸ್ಕೂಲು ಶುರುವಾದ ಮೇಲೆ. ಅಲ್ಲಿಂದ ಹನ್ನೊಂದು ತಿಂಗಳು. ಸಿಸ್ಟರ ಮುಖದ ನಗು ಹೋಯಿತು. ಅಳತೆ ಪುಸ್ತಕ ಕೇಳಿದರು. ಹೊಸ ಪುಸ್ತಕ ತೆರೆದಾಗಲೆಲ್ಲ ಮೊದಲ ಪುಟದಲ್ಲಿ ತಮ್ಮದೇ ಅಳತೆ ಬರೆಯುವುದು ಮಾಸ್ಟರ ರೂಢಿ. ಹೋದ ವರ್ಷದ ಪುಸ್ತಕದಲ್ಲಿ ಸೊಂಟ ಮೂವತ್ತಾರು ಎಂದಿತ್ತು. ಮೇಜಿನ ಮೇಲಿನ ಸೀಮೆಸುಣ್ಣದ ಗೆರೆಗೆ ಟೇಪು ಹಿಡಿದರೆ ಮೂವತ್ತು.

"ಅಕ್ಕ, ಅವರು ತೂಕ ಇಳಿಸ್ಬೇಕು ಅಂತ ಏನಾದ್ರೂ ಮಾಡ್ತಿದ್ರಾ?" ಎಂದರು ಸಿಸ್ಟರು.

"ಇಲ್ಲಪ್ಪ, ಊಟ ಮಾಡ್ತಾರೆ. ಮೈಗೆ ಹತ್ತಲ್ಲ ಅಷ್ಟೆ."

"ಬೇಕು ಅಂತ ಮಾಡ್ದೆ ಆರಿಂಚು ಹೋಗಿದೆ. ಇದು ಹೊಲಿಗೆ ಹಾಕಿ ಸರಿ ಮಾಡೋ ವಿಷಯ ಅಲ್ಲ."

ಗುಂಡಿಯಕ್ಕ ಟೇಪಿನ ಮೇಲಿನ ಮೂವತ್ತು ಎಂಬ ಅಂಕಿಯನ್ನೇ ನೋಡುತ್ತಾ ನಿಂತಳು. ಹನ್ನೊಂದು ತಿಂಗಳಿಂದ ಅದು ಅವಳ ಬೆರಳ ಕೆಳಗೇ ಹಾದುಹೋಗಿತ್ತು.

ಸಿಸ್ಟರು ಒಂದೊಂದಾಗಿ ಕೇಳಿದರು. ಕೀಲುನೋವು ಯಾವಾಗಿನಿಂದ, ಜಾಗ ಬದಲಾಯಿಸುತ್ತದೆಯೇ, ಭೇದಿ ಎಷ್ಟು ದಿನದಿಂದ, ಸಂಜೆ ಮೈ ಬಿಸಿಯಾಗುತ್ತದೆಯೇ, ಕಾಲು ಊದುತ್ತದೆಯೇ. ಯಾವುದಕ್ಕೂ ಇಲ್ಲ ಎಂಬ ಉತ್ತರ ಬರಲಿಲ್ಲ. ಮಾಸ್ಟರ ಕೈ ಮುಖ ಕಪ್ಪಾಗಿದ್ದನ್ನು ಗುಂಡಿಯಕ್ಕ ಬಿಸಿಲಿಗೆ ಎಂದುಕೊಂಡಿದ್ದಳು. ದಿನವಿಡೀ ನೆರಳಿನಲ್ಲಿ ಕೂತು ಹೊಲಿಯುವವರಿಗೆ ಯಾವ ಬಿಸಿಲು ಎಂದು ಆಗಲೇ ಅವಳಿಗೆ ಹೊಳೆದದ್ದು.

"ನೋವೇ ಬೇರೆ, ಹೊಟ್ಟೇನೇ ಬೇರೆ, ಸಣ್ಣಗಾಗೋದೇ ಬೇರೆ ಅಂದ್ಕೊಂಡಿದ್ದೀರಿ," ಎಂದರು ಸಿಸ್ಟರು. "ಒಂದೊಂದನ್ನೂ ಒಬ್ಬೊಬ್ಬರ ಹತ್ರ ಹೇಳಿದ್ರೆ ಯಾರಿಗೂ ಪೂರ್ತಿ ಗೊತ್ತಾಗಲ್ಲ. ಎಲ್ಲಾನೂ ಒಟ್ಟಿಗೆ ದೊಡ್ಡ ಆಸ್ಪತ್ರೆ ಡಾಕ್ಟರ ಮುಂದೆ ಹೇಳಿ." ಅಲ್ಲೇ ಬಿದ್ದಿದ್ದ ಕಾಲರಿನ ಮಾದರಿ ಕಾಗದದ ಹಿಂದೆ ಎಲ್ಲವನ್ನೂ ತಿಂಗಳ ಸಮೇತ ಬರೆದುಕೊಟ್ಟರು. ಮಾತ್ರೆ ಏನಾದರೂ ತಿನ್ನುತ್ತಿದ್ದರೆ ಅದನ್ನೂ ತಪ್ಪದೆ ತೆಗೆದುಕೊಂಡು ಹೋಗಿ ಎಂದರು.

ಮಾಸ್ಟರು ಒಪ್ಪಲಿಲ್ಲ. ಸ್ಕೂಲು ಶುರುವಾಗಲು ಮೂರು ವಾರವಿದೆ, ನೂರಿಪ್ಪತ್ತು ಯೂನಿಫಾರ್ಮ್ ಬಾಕಿ ಇವೆ, ಕೊಟ್ಟ ಮೇಲೆ ನೋಡೋಣ ಎಂದರು. ಇಸ್ತ್ರಿಯವನು ರಸ್ತೆ ದಾಟಿ ಬಂದು ಅವರ ಪರ ವಾದಕ್ಕೆ ನಿಂತ. ದೊಡ್ಡ ಆಸ್ಪತ್ರೆಗೆ ಹೋದರೆ ಇಲ್ಲದ ಕಾಯಿಲೆಯನ್ನೂ ಹುಡುಕಿ ಕೊಡುತ್ತಾರೆ, ಬಾಯಿಂದ ಪೈಪು ಇಳಿಸಿ ಕರುಳು ಕೀಳುತ್ತಾರೆ ಎಂದು ಕಣ್ಣಾರೆ ಕಂಡವನ ಹಾಗೆ ಹೇಳಿದ. ಅದೂ ಅಲ್ಲದೆ ತಾನು ಕೊಟ್ಟ ಮಾತ್ರೆಯಿಂದ ನೋವು ಕಡಿಮೆಯಾಗಿಲ್ಲವೇ ಎಂದು ಕೇಳಿದ. ಅವನ ಮಾವನಿಗೆ ಕೀಲುವಾತಕ್ಕೆಂದು ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆ ಅದು. ಎರಡು ತಿಂಗಳಿಂದ ಮಾಸ್ಟರು ಅದನ್ನು ನುಂಗುತ್ತಿದ್ದರು. ನೋವು ಕಡಿಮೆಯಾಗಿದ್ದೂ ನಿಜ. ಭೇದಿ ಜಾಸ್ತಿಯಾದದ್ದನ್ನು ಮಾತ್ರ ಇಬ್ಬರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಗುಂಡಿಯಕ್ಕ ವಾದ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಮಾಸ್ಟರು ಎದ್ದು ಮಿಷನ್ ಮುಂದೆ ಕೂತು ಕಾಲು ಒತ್ತಿದರೆ ಚಕ್ರ ತಿರುಗಲಿಲ್ಲ. ಎರಡೂ ಮಿಷನ್ನಿನ ಬೆಲ್ಟನ್ನು ಅವಳು ಕಳಚಿ ಕೈಚೀಲಕ್ಕೆ ಹಾಕಿಕೊಂಡಿದ್ದಳು. ಸೀರೆ ಉಟ್ಟು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಅರ್ಧ ಯೂನಿಫಾರ್ಮನ್ನು ಆಚೆ ಬೀದಿಯ ಟೈಲರಿಗೆ ಕೊಡಲು ಹೆಡ್ಮಿಸ್ಟ್ರೆಸ್ಸಿಗೆ ಹೇಳಿ ಬಂದಾಗಿತ್ತು. ಮಾಸ್ಟರು ಗೊಣಗುತ್ತಲೇ ಎದ್ದರು. ಎದ್ದವರು ಒಂದು ಕ್ಷಣ ಮೇಜು ಹಿಡಿದುಕೊಂಡರು. ಅದನ್ನೂ ಅವಳು ನೋಡಿದಳು.

ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಕಾಲರಿನ ಕಾಗದವನ್ನು ಎರಡು ಸಲ ಓದಿದರು. ಇಸ್ತ್ರಿಯವನು ಕೊಟ್ಟಿದ್ದ ಮಾತ್ರೆಯ ಸ್ಟ್ರಿಪ್ಪನ್ನು ತಿರುಗಿಸಿ ನೋಡಿದಾಗ ಹುಬ್ಬು ಗಂಟಿಕ್ಕಿತು. ಇದು ಸ್ಟೀರಾಯ್ಡ್, ಮೈಯೊಳಗೆ ರೋಗದ ಜೊತೆ ಹೋರಾಡುವ ಶಕ್ತಿಯನ್ನೇ ತಗ್ಗಿಸುತ್ತದೆ, ಒಬ್ಬರಿಗೆ ಬರೆದ ಮಾತ್ರೆಯನ್ನು ಇನ್ನೊಬ್ಬರು ತಿನ್ನಬಾರದು ಎಂದರು. ಹಾಗಂತ ಇವತ್ತೇ ನಿಲ್ಲಿಸಲೂಬಾರದು, ತಾವು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಬೇಕು ಎಂದು ಬರೆದುಕೊಟ್ಟರು. ತೂಕ ನೋಡಿದರೆ ಐವತ್ತೆರಡು ಕಿಲೋ. ರಕ್ತ ಕಡಿಮೆ, ರಕ್ತದಲ್ಲಿ ಪ್ರೋಟೀನೂ ಕಡಿಮೆ.

ಹೀಗೆ ಬರುವವರಲ್ಲಿ ಹೆಚ್ಚಿನವರಿಗೆ ಸಾಮಾನ್ಯವಾದ ಕಾಯಿಲೆಯೇ ಇರುತ್ತದೆ, ಮೊದಲು ಅವನ್ನು ನೋಡೋಣ ಎಂದರು ಡಾಕ್ಟರಮ್ಮ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ, ಹೊಟ್ಟೆಹುಳು, ಗೋಧಿ ಒಗ್ಗದಿರುವುದು, ಹೀಗೆ ಒಂದೊಂದಕ್ಕೂ ಪರೀಕ್ಷೆಯಾಯಿತು. ಒಂದರಲ್ಲೂ ಏನೂ ಸಿಗಲಿಲ್ಲ. ಏನೂ ಇಲ್ಲವಂತೆ, ಇನ್ನು ಮನೆಗೆ ಹೋಗೋಣ ಎಂದರು ಮಾಸ್ಟರು. ಏನೂ ಸಿಕ್ಕಿಲ್ಲ ಅಂದರೆ ಏನೂ ಇಲ್ಲ ಅಂತಲ್ಲ, ಇನ್ನೂ ಒಳಗೆ ನೋಡಬೇಕು ಅಂತ ಎಂದರು ಡಾಕ್ಟರಮ್ಮ.

ಹಾಗೆ ಆ ಪೈಪಿನ ಸರದಿ ಬಂತು. ಮಾಸ್ಟರು ಹೆದರಿದ್ದು ಸುಳ್ಳಲ್ಲ. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ ಗಂಟಲು ಮರಗಟ್ಟುವ ಔಷಧಿ ಹೊಡೆದರು. ಕಿರುಬೆರಳಿಗಿಂತ ಸಣ್ಣ ನಳಿಗೆ, ತುದಿಯಲ್ಲಿ ಕ್ಯಾಮೆರಾ. ಬಾಯಿಂದ ಜಠರ ದಾಟಿಸಿ ಸಣ್ಣ ಕರುಳಿನ ಶುರುವಿನವರೆಗೆ ಇಳಿಸಿ, ಅಲ್ಲಿಂದ ಅಕ್ಕಿಕಾಳಿಗಿಂತ ಸಣ್ಣ ಚೂರುಗಳನ್ನು ನಾಲ್ಕೈದು ಕಡೆ ತೆಗೆದರು. ಕಾಲು ಗಂಟೆಯೂ ಹಿಡಿಯಲಿಲ್ಲ. ಸ್ವಲ್ಪ ಓಕರಿಕೆ ಬಂತೇ ಹೊರತು ನೋವೇ ಆಗಲಿಲ್ಲ ಎಂದು ಸಂಜೆ ಮಾಸ್ಟರು ಇಸ್ತ್ರಿಯವನ ಮುಂದೆ ಯುದ್ಧ ಗೆದ್ದು ಬಂದವರ ಹಾಗೆ ಹೇಳಿಕೊಂಡರು.

ಹತ್ತು ದಿನಕ್ಕೆ ಉತ್ತರ ಬಂತು. ಕರುಳಿನ ಚೂರಿಗೆ ವಿಶೇಷ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು, ಕ್ರಿಮಿಯ ಗುರುತು ಹಿಡಿಯುವ ಇನ್ನೊಂದು ಪರೀಕ್ಷೆಯನ್ನೂ ಮಾಡಿದ್ದರು. ಕಾಯಿಲೆಯ ಹೆಸರು ವಿಪ್ಪಲ್ ಎಂದರು ಡಾಕ್ಟರಮ್ಮ. ತುಂಬಾ ಅಪರೂಪ, ತಮ್ಮ ಇಪ್ಪತ್ತು ವರ್ಷದ ಕೆಲಸದಲ್ಲಿ ಇದು ಎರಡನೆಯದು ಎಂದರು. ಮಾಸ್ಟರಿಗೆ ಅರ್ಥವಾಗುವ ಹಾಗೆ ಹೇಳಲು ಕೈಯೊರೆಸುವ ಟವೆಲ್ ತೋರಿಸಿದರು. ಸಣ್ಣ ಕರುಳಿನ ಒಳಮೈ ಈ ಟವೆಲಿನ ಹಾಗೆ, ತುಂಬಾ ಸಣ್ಣ ಸಣ್ಣ ಎಳೆಗಳಿರುತ್ತವೆ, ಊಟದ ಸಾರವನ್ನು ಹೀರುವುದು ಅವೇ. ಒಂದು ಜಾತಿಯ ಬ್ಯಾಕ್ಟೀರಿಯಾ ಬಂದು ಅಲ್ಲಿ ಕೂತಿದೆ. ಎಷ್ಟು ಉಂಡರೂ ಹೀರುವುದಿಲ್ಲ, ಎಲ್ಲ ಭೇದಿಯಾಗಿ ಹೋಗುತ್ತದೆ. ಹೊಟ್ಟೆ ಕೆಡುವುದಕ್ಕೆ ಎಷ್ಟೋ ವರ್ಷ ಮುಂಚೆ ಕೀಲುನೋವೊಂದೇ ಬಂದು ದಾರಿ ತಪ್ಪಿಸುವುದು ಇದರ ಗುಣ.

ಗುಂಡಿಯಕ್ಕ ಕೇಳಿದ್ದು ಒಂದೇ ಮಾತು. "ಇವರು ಉಳೀತಾರಾ ಡಾಕ್ಟ್ರೇ?"

"ಸುಮ್ನೆ ಬಿಟ್ಟಿದ್ರೆ ಜೀವಕ್ಕೇ ಬರ್ತಿತ್ತು. ಹೃದಯಕ್ಕೆ, ಮೆದುಳಿಗೆ ಹೋಗ್ತಿತ್ತು. ಮೆದುಳು ಕೆಟ್ರೆ ಆಮೇಲೆ ಔಷಧಿ ಕೊಟ್ರೂ ಪೂರ್ತಿ ಸರಿ ಹೋಗೋದು ಕಷ್ಟ. ಈಗ ಹೋಗಿಲ್ಲ. ಔಷಧಿ ಇದೆ, ವಾಸಿಯಾಗುತ್ತೆ. ಆದ್ರೆ ಒಂದು ವರ್ಷ ಬಿಡದೆ ತಗೋಬೇಕು."

ಎರಡು ವಾರ ಆಸ್ಪತ್ರೆಯಲ್ಲಿಟ್ಟುಕೊಂಡು ದಿನವೂ ರಕ್ತನಾಳಕ್ಕೆ ಇಂಜೆಕ್ಷನ್ ಕೊಟ್ಟರು. ಆಮೇಲೆ ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ, ಒಂದು ವರ್ಷ. ನಡುನಡುವೆ ರಕ್ತ ಪರೀಕ್ಷೆ. ಮೈಮೇಲೆ ಗುಳ್ಳೆಯೆದ್ದರೆ, ಜ್ವರ ಬಂದರೆ ತಕ್ಷಣ ತಿಳಿಸಬೇಕು ಎಂದರು. ತಟ್ಟೆ ಲೋಟ ಬೇರೆ ಇಡಬೇಕೇ ಎಂದು ಗುಂಡಿಯಕ್ಕ ಹಿಂಜರಿಯುತ್ತಾ ಕೇಳಿದಳು. ಜೊತೆಗೆ ಕೂತು ಉಂಡರೆ ಅಂಟುತ್ತದೆಂಬ ಭಯ ಬೇಡ, ಎಲ್ಲರೂ ಸೋಪು ಹಾಕಿ ಕೈ ತೊಳೆದುಕೊಳ್ಳಿ ಸಾಕು ಎಂಬ ಉತ್ತರ ಬಂತು. ಮೊದಲ ವಾರದಲ್ಲೇ ಭೇದಿ ಹಿಡಿತಕ್ಕೆ ಬಂತು. ತಿಂಗಳು ಕಳೆಯುವಷ್ಟರಲ್ಲಿ ಮಾಸ್ಟರು ಮಣಿಕಟ್ಟು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ನಾಲ್ಕು ವರ್ಷದ ನೋವು ಹುಡುಕಿದರೂ ಸಿಗಲಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮನುಷ್ಯನಿಗೆ ಮೈ ಚೆನ್ನಾದ ಕೂಡಲೇ ಬುದ್ಧಿ ಕೆಡುತ್ತದೆ. ಎಂಟನೆಯ ತಿಂಗಳಲ್ಲಿ ಗುಂಡಿಯಕ್ಕ ಮಾತ್ರೆಯ ಡಬ್ಬಿ ನೋಡಿದರೆ ಆರು ದಿನದ ಮಾತ್ರೆ ಹಾಗೇ ಇದೆ. ಕೇಳಿದರೆ ಮಾಸ್ಟರಿಗೆ ಸಿಟ್ಟು. ತೂಕ ಬಂದಿದೆ, ನೋವಿಲ್ಲ, ಹೊಟ್ಟೆ ಗಟ್ಟಿಯಾಗಿದೆ, ಇನ್ನೂ ಯಾಕೆ ನುಂಗಬೇಕು ಎಂದರು. ಮಾತ್ರೆ ಜಾಸ್ತಿಯಾದರೆ ಕಿಡ್ನಿ ಹೋಗುತ್ತದೆ ಎಂದು ಇಸ್ತ್ರಿಯವನು ಬೇರೆ ಹೇಳಿದ್ದ. ಅವನೂ ಅಲ್ಲೇ ಬಾಗಿಲಲ್ಲಿ ನಿಂತಿದ್ದ.

ಗುಂಡಿಯಕ್ಕ ಮಿಷನ್ ಹತ್ತಿರದ ಸ್ಟೂಲಿನ ಮೇಲೆ ಕುಳಿತಳು. ಎಂಟು ತಿಂಗಳಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಆಗ ಹೊರಗೆ ಬಂತು.

"ನೋಡ್ರೀ, ಹನ್ನೊಂದು ತಿಂಗಳು ನೀವು ನನ್ನ ಕಣ್ಮುಂದೇನೇ ಕರಗಿ ಹೋದ್ರಿ. ನಾನು ಅದನ್ನ ಮುಚ್ಚಿ ಹೊಲಿದೆ. ಹೊಲಿಗೆ ಚೆನ್ನಾಗಿ ಬಂತು ಅಂತ ಖುಷಿ ಪಟ್ಕೊಂಡೆ. ಸಿಸ್ಟರು ಬರದೇ ಇದ್ದಿದ್ರೆ ಇನ್ನೂ ಒಂದು ಇಂಚು ಹಿಡೀತಿದ್ದೆ. ಈಗ್ಲೂ ನನಗೆ ನಿದ್ದೆ ಬರಲ್ಲ. ಅವಾಗ ನನಗೆ ಗೊತ್ತಿರ್ಲಿಲ್ಲ. ಈಗ ಗೊತ್ತಿದೆ. ಗೊತ್ತಿದ್ದೂ ಇನ್ನೊಂದ್ಸಲ ನೀವು ಸಣ್ಣಗಾಗೋದನ್ನ ನೋಡೋಕೆ ನನ್ನ ಕೈಲಾಗಲ್ಲ."

ಅವಳು ಅಳಲಿಲ್ಲ, ದನಿ ಏರಿಸಲಿಲ್ಲ. ಹೆಂಡತಿ ಇಷ್ಟು ದಿನ ಈ ಕಾಯಿಲೆಯನ್ನು ತನ್ನದೇ ತಪ್ಪೆಂದು ಹೊತ್ತುಕೊಂಡು ಓಡಾಡುತ್ತಿದ್ದಳು ಎಂಬುದು ಮಾಸ್ಟರಿಗೆ ಗೊತ್ತೇ ಇರಲಿಲ್ಲ. ಎದ್ದು ಡಬ್ಬಿ ತೆಗೆದುಕೊಂಡು, ನಡಿ, ಆರು ದಿನ ಬಿಟ್ಟಿದ್ದೀನಿ ಅಂತ ಡಾಕ್ಟರಿಗೆ ನಾನೇ ಹೇಳ್ತೀನಿ ಎಂದರು. ಇಸ್ತ್ರಿಯವನು ಏನೂ ಹೇಳದೆ ತನ್ನ ಅಂಗಡಿಗೆ ಹೋದ. ಅವನು ಮಾತಾಡದೆ ರಸ್ತೆ ದಾಟಿದ್ದು ಬಹುಶಃ ಅದೇ ಮೊದಲು. ಆ ವಾರವೇ ಅವನು ಮಾವನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ, ಮುದುಕರ ಮಾತ್ರೆಯನ್ನು ತಾನು ಹಂಚಿದ್ದೆ ಎಂದು ಒಪ್ಪಿಕೊಂಡು ಬೈಸಿಕೊಂಡು ಬಂದ.

ಬಿಟ್ಟ ದಿನಗಳನ್ನೂ ಸೇರಿಸಿ ವರ್ಷ ಮುಗಿಯಿತು. ಮತ್ತೆ ನಳಿಗೆ ಇಳಿಸಿ ನೋಡಿದರು. ಕರುಳಿನ ಒಳಮೈ ಚೇತರಿಸಿಕೊಂಡಿದೆ, ಕ್ರಿಮಿಯ ಗುರುತಿಲ್ಲ ಎಂದರು ಡಾಕ್ಟರಮ್ಮ. ಕೆಲವು ವರ್ಷ ಆಗಾಗ ಬಂದು ತೋರಿಸಬೇಕು, ಈ ಕಾಯಿಲೆ ಮತ್ತೆ ಬರುವುದೂ ಉಂಟು ಎಂದರು. ಮಾಸ್ಟರು ಮುಂದಿನ ದಿನಾಂಕವನ್ನು ಅಲ್ಲೇ ಬರೆದುಕೊಂಡರು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈ ಕಾಯಿಲೆ ನಿಮ್ಮ ಮನೆಗೆ ಬರುತ್ತದೆಂದು ಹೆದರಿಸುತ್ತಿಲ್ಲ. ಲಕ್ಷಾಂತರ ಜನರಲ್ಲಿ ಒಬ್ಬರಿಗೆ ಬರುವಂಥದ್ದು ಇದು. ಆದರೆ ವಾರಗಟ್ಟಲೆ ನಿಲ್ಲದ ಭೇದಿ, ಬೇಕೆಂದು ಮಾಡದೆ ಇಳಿದ ತೂಕ, ಜಾಗ ಬದಲಾಯಿಸುವ ಕೀಲುನೋವು, ಕಾರಣ ಗೊತ್ತಾಗದ ಜ್ವರ, ಇವುಗಳಲ್ಲಿ ಯಾವುದಿದ್ದರೂ ಸುಮ್ಮನೆ ಕೂರುವುದು ಬೇಡ. ಅದು ವಿಪ್ಪಲ್ ಅಲ್ಲದಿದ್ದರೆ ಬೇರೆ ಏನೋ ಇರುತ್ತದೆ, ಅದಕ್ಕೂ ಬೇಗ ಹೋದರೇ ಒಳ್ಳೆಯದು. ಎಲ್ಲ ತೊಂದರೆಯನ್ನೂ ಒಂದೇ ಕಾಗದದಲ್ಲಿ ಬರೆದುಕೊಂಡು ಹೋಗಿ. ಬೇರೆಯವರ ಮಾತ್ರೆ ತಿನ್ನಬೇಡಿ. ಡಾಕ್ಟರು ಹೇಳುವ ತನಕ ನಿಮ್ಮ ಮಾತ್ರೆ ಬಿಡಬೇಡಿ.

ಇನ್ನೊಂದು ಮಾತು. ಮನೆಯವರನ್ನು ದಿನವೂ ನೋಡುವವರು ನೀವೇ. ದಿನವೂ ನೋಡುವುದರಿಂದಲೇ ಎಷ್ಟೋ ಸಲ ಕಾಣುವುದಿಲ್ಲ. ಇವತ್ತು ಊಟಕ್ಕೆ ಕೂತಾಗ ಪಕ್ಕದಲ್ಲಿರುವವರ ಮುಖವನ್ನು ಬಹಳ ದಿನದ ಮೇಲೆ ಊರಿಂದ ಬಂದವರನ್ನು ನೋಡುವ ಹಾಗೆ ಒಮ್ಮೆ ಸರಿಯಾಗಿ ನೋಡಿ. ಸಣ್ಣಗಾಗಿದ್ದೀರಲ್ಲ ಎನಿಸಿದರೆ, ಬಾಯಿಬಿಟ್ಟು ಕೇಳಿ.